ತಗ್ಗಿನಲ್ಲಿ ಹೆಂಡಿ ಕದ್ದವರು

ಮೊಸರಲ್ಲಿ ಕಲ್ಲು ಹುಡುಕುವ ಸ್ವಭಾವ ನನ್ನದು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಕಂಡುಹಿಡಿದವರಂತೆ ಬೀಗುವುದು ಬೇಡ. ಮನೆಗೆ ಬಳೆಗಾರ ಬಂದರೆ ಒಂದೊಂದು ಬಳೆಯನ್ನೂ ಬಿಸಿಲಿಗೆ ಹಿಡಿದು ಬಿರುಕು ಹುಡುಕುತ್ತಿದ್ದೆ. ಸಂತೆಯಿಂದ ಉಳ್ಳಾಗಡ್ಡಿ ಬಂದರೆ ಚೀಲದ ತಳದವನ್ನೇ ಮೊದಲು ಸುರುವಿ ನೋಡುತ್ತಿದ್ದೆ. ಬಾಯಿಯೂ ಜೋರು. ನನ್ನನ್ನು ಯಾವ ಮನೆಗೆ ಕೊಟ್ಟರೂ ಆ ಮನೆಯವರ ಪುಣ್ಯ ಅಲ್ಲಿಗೆ ಮುಗಿಯಿತು ಎಂದು ನಮ್ಮವ್ವ ನಗುತ್ತ ಹೇಳುತ್ತಿದ್ದಳು. ಪುಣ್ಯ ಮುಗಿದದ್ದು ನನ್ನ ಗಂಡನ ಮನೆಯವರದಲ್ಲ, ಬೇರೆ ಒಬ್ಬ ಹೆಂಗಸಿನದು. ಆಕೆಯ ಒಲೆ ಆರಿದ್ದು, ಆಕೆ ಊರು ಬಿಟ್ಟದ್ದು ನನ್ನ ಒಂದು ಮಾತಿನಿಂದ. ಆ ಕತೆ ಸಗಣಿಯದು. ಮೂಗು ಮುಚ್ಚಿಕೊಳ್ಳುವವರು ಇಲ್ಲೇ ಪುಟ ಮಡಚಬಹುದು.

ನನ್ನ ತವರು ಅಡರಕಟ್ಟಿ. ಲಕ್ಷ್ಮೇಶ್ವರದ ಕಡೆಯ ಎರೆಮಣ್ಣಿನ ಸೀಮೆ. ಅಲ್ಲಿ ದಾರಿಯಲ್ಲಿ ಸಗಣಿ ಬಿದ್ದರೆ ಬಿದ್ದಲ್ಲೇ ಇರುತ್ತಿತ್ತು. ಬಿಸಿಲಿಗೆ ಮೇಲೆ ಹೊಪ್ಪಳಿಕೆಗಟ್ಟಿ, ನಾಲ್ಕು ದಿನ ಬಿಟ್ಟು ಹೋದರೂ ರೊಟ್ಟಿಯಂತೆ ಎತ್ತಿಕೊಂಡು ಬರಬಹುದಿತ್ತು. ಸ್ವಾತಂತ್ರ್ಯ ಬಂದ ವರ್ಷ, ದೀಪಾವಳಿ ಮುಗಿದ ಮೇಲೆ, ನನ್ನನ್ನು ಮುಂಡರಗಿ ಕಡೆಯ ಕೊರ್ಲಹಳ್ಳಿಗೆ ಕೊಟ್ಟರು. ತುಂಗಭದ್ರೆಯ ದಂಡೆಯ ಊರು. ಆಗ ನಮ್ಮ ತವರು ಸಂಸ್ಥಾನದ್ದು, ಗಂಡನ ಮನೆ ಮುಂಬಯಿ ಸರಕಾರದ್ದು, ಹೊಳೆಯ ಆಚೆ ದಂಡೆ ಮದ್ರಾಸಿನದು, ಮೂಡಲ ದಿಕ್ಕಿಗೆ ಕೆಲವು ಹರದಾರಿ ನಡೆದರೆ ನಿಜಾಮನ ಸೀಮೆ. ಯಾವ ಕಡೆಯಿಂದ ಯಾರು ಬಂದರೂ ಯಾರ ಪೈಕಿಯವರು ಎಂದು ಕೇಳಿಯೇ ನೀರು ಕೊಡುವ ಕಾಲ. ನನ್ನಂಥ ಸಂಶಯದವಳಿಗೆ ಹೇಳಿ ಮಾಡಿಸಿದ ಊರು.

ಊರಿನ ಕೆಳಗೆ ಹೊಳೆಗೆ ಹತ್ತಿಕೊಂಡು ಹುಲ್ಲುಗಾವಲು. ಮಳೆಗಾಲದಲ್ಲಿ ಹೊಳೆ ಏರಿದಾಗ ಅರ್ಧ ಗಾವಲು ನೀರಿನಲ್ಲಿ ಮುಳುಗಿ, ಇಳಿದಾಗ ಮೆತ್ತನೆಯ ರೇವೆಮಣ್ಣು ಉಳಿಯುತ್ತಿತ್ತು. ಅದಕ್ಕೆ ತಗ್ಗು ಎನ್ನುತ್ತಿದ್ದರು. ಕಾಲಿಟ್ಟರೆ ಹೆಜ್ಜೆಯಲ್ಲಿ ನೀರು ಜಿನುಗುವ ಜವುಳು ನೆಲ, ಮೊಣಕಾಲೆತ್ತರದ ಹುಲ್ಲು. ಅದರ ಮೇಲ್ಗಡೆ ನೀರು ಮುಟ್ಟದ ಗಟ್ಟಿ ಗರಸುಕಲ್ಲಿನ ಏರು, ಅದು ದಿಬ್ಬ. ಊರಿನ ದನ, ಎಮ್ಮೆಗಳೆಲ್ಲ ಎರಡೂ ಕಡೆ ಮೇಯುತ್ತಿದ್ದವು. ಅವುಗಳ ಹಿಂದೆ ಹೆಂಗಸರು ನಾವು ಬುಟ್ಟಿ ಹಿಡಿದು ಸಗಣಿಗೆ. ಅಲ್ಲಿ ಅದಕ್ಕೆ ಹೆಂಡಿ ಎಂದೇ ಹೆಸರು. ಕಟ್ಟಿಗೆ ಕಾಣದ ಬಯಲುಸೀಮೆಯಲ್ಲಿ ಒಲೆ ಉರಿಯುವುದು ಕುಳ್ಳಿನಿಂದ, ಕುಳ್ಳು ಆಗುವುದು ತಟ್ಟಿ ಒಣಗಿಸಿದ ಹೆಂಡಿಯಿಂದ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಮಾಡಿದವರು ಯಾರೋ ನಮ್ಮ ಕೈ ನೋಡಿಯೇ ಮಾಡಿರಬೇಕು.

ಹಸಿ ಹುಲ್ಲು ಮೇಯ್ದ ದನದ ಹೆಂಡಿ ತೆಳ್ಳಗೆ. ಬಿದ್ದ ಕೂಡಲೇ ಎತ್ತಿದರೆ ಬುಟ್ಟಿಯಿಂದ ಸೋರಿ ಕೊರಳಿಗೆ ಇಳಿಯುತ್ತದೆ. ಅದಕ್ಕೆ ಸಂಜೆ ದನ ಮನೆಗೆ ತಿರುಗುವ ಹೊತ್ತಿಗೆ ಹೋಗಿ, ನಮ್ಮ ಪಾಲಿನ ಜಾಗದಲ್ಲಿ ಬಿದ್ದ ಹೆಂಡಿಯ ಮೇಲೆ ನಮ್ಮ ಗುರುತು ಇಟ್ಟು ಬರುವುದು, ಗಾಳಿಗೆ ಬಿಗಿದ ಮೇಲೆ ಮುಂಜಾನೆ ಹೋಗಿ ಎತ್ತುವುದು. ನಮ್ಮ ಮನೆಯ ಗುರುತು ಬಿಳಿ ಬೆಣಚುಕಲ್ಲು. ಇನ್ನೊಬ್ಬರದು ಜಾಲಿಯ ಕಡ್ಡಿ, ಮತ್ತೊಬ್ಬರದು ಹಂಚಿನ ಚೂರು. ಗುರುತು ಇದ್ದ ಹೆಂಡಿಯನ್ನು ಬೇರೆಯವರು ಮುಟ್ಟುವುದೆಂದರೆ ಒಲೆಯ ಮೇಲಿನ ಗಡಿಗೆಗೆ ಕೈ ಹಾಕಿದಂತೆ. ಹೊಸ ಸೊಸೆಯರಿಗೆ ತಗ್ಗಿನ ಜಾಗ, ಹಳಬರಿಗೆ ದಿಬ್ಬ. ಯಾಕೆ ಹಾಗೆ ಎಂದು ನಾನು ಕೇಳಲಿಲ್ಲ. ಎಲ್ಲವನ್ನೂ ಕೇಳುವ ನಾನು ಕೇಳಬೇಕಾದ ಅದೊಂದನ್ನೇ ಕೇಳಲಿಲ್ಲ ನೋಡಿ.

ದಿಬ್ಬದಲ್ಲಿ ಎಲ್ಲರಿಗಿಂತ ದೊಡ್ಡ ಜಾಗ ಬೂಬಮ್ಮನದು. ಸಾಬರ ಹೆಂಗಸು, ನನಗಿಂತ ಇಪ್ಪತ್ತು ವರ್ಷ ದೊಡ್ಡವಳು, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿಲ್ಲ. ಊರಿನ ಅಗಸಿಬಾಗಿಲ ಪಕ್ಕ ಆಕೆಯ ಚುರುಮುರಿ ಭಟ್ಟಿ. ನೆನೆಸಿ ಒಣಗಿಸಿದ ಅಕ್ಕಿಯನ್ನು ಕಾದ ಉಸುಕಿನಲ್ಲಿ ಹುರಿದು ಅರಳಿಸುವ ಕೆಲಸ. ಉಸುಕು ಕೆಂಪಗೆ ಕಾಯಬೇಕೆಂದರೆ ಕುಳ್ಳು ಮನೆಯ ಒಲೆಗಿಂತ ಹತ್ತು ಪಟ್ಟು ಬೇಕು. ಅದಕ್ಕೇ ಆಕೆಯ ಗಂಡನ ಕಾಲದಿಂದ ದಿಬ್ಬದ ಆ ಭಾಗ ಅವರಿಗೆ ನಡೆದುಬಂದಿತ್ತು. ದಿಬ್ಬ ಇದ್ದರೆ ಭಟ್ಟಿ, ಭಟ್ಟಿ ಇದ್ದರೆ ಆಕೆಗೆ ಊಟ, ಊರಲ್ಲಿ ಒಂದು ಸೂರು. ಇಷ್ಟೇ ಲೆಕ್ಕ. ನಾನು ಮದುವೆಯಾಗಿ ಬಂದ ಮರುದಿನವೇ ಒಂದು ಮೊರ ಬಿಸಿ ಚುರುಮುರಿ ತಂದು ನನ್ನ ಉಡಿಗೆ ಹಾಕಿದ್ದಳು. ಕಲ್ಲು ಇದೆಯೇನೋ ಎಂದು ನಾನು ಒಂದೊಂದೇ ಕಡಿದು ನೋಡಿ ತಿಂದೆ.

ಚಳಿಗಾಲ, ಬೇಸಿಗೆ ಏನೂ ತೊಂದರೆಯಾಗಲಿಲ್ಲ. ಸಂಜೆ ಇಟ್ಟ ಗುರುತು ಮುಂಜಾನೆ ಹಾಗೇ ಇರುತ್ತಿತ್ತು. ಮೊದಲ ಮಳೆಗಾಲ ಬಂತು. ಹೊಳೆ ಒಮ್ಮೆ ಏರಿ ಇಳಿಯಿತು. ತಗ್ಗಿನಲ್ಲಿ ಹುಲ್ಲು ಕಣ್ಣು ಬಿಟ್ಟು, ದನ ಅಲ್ಲೇ ಹೆಚ್ಚು ನಿಲ್ಲತೊಡಗಿದವು. ಒಂದು ಸಂಜೆ ಹನ್ನೊಂದು ಹೆಂಡಿಗೆ ಬೆಣಚುಕಲ್ಲು ಇಟ್ಟು ಬಂದೆ. ಮುಂಜಾನೆ ಹೋದರೆ ಎರಡು ಇವೆ. ಉಳಿದ ಕಡೆ ಕಲ್ಲು ಮಾತ್ರ ಬಿದ್ದಿದೆ, ಕೆಳಗೆ ಹೆಂಡಿ ಇಲ್ಲ, ಸುತ್ತ ಹಸಿ ಮಣ್ಣು ಕೆದರಿದಂತಿದೆ. ಕೈಯಿಂದ ಬಾಚಿಕೊಂಡು ಹೋಗಿದ್ದಾರೆ ಎಂದುಕೊಂಡೆ. ಮೈಯೆಲ್ಲ ಉರಿಯಿತು. ಮರುದಿನವೂ ಅದೇ, ಅದರ ಮರುದಿನವೂ ಅದೇ. ದಿಬ್ಬಕ್ಕೆ ಹೋಗಿ ನೋಡಿದೆ. ಬೂಬಮ್ಮನ ಜಾಲಿಕಡ್ಡಿ ನೆಟ್ಟ ಹೆಂಡಿಗಳು ಅಲ್ಲಲ್ಲಿ ತೂತು ಬಿದ್ದಿದ್ದರೂ ಒಂದೂ ಕಡಿಮೆಯಾಗದೆ ಕೂತಿದ್ದವು. ಬೇಸಿಗೆಯಲ್ಲಿ ಹೋಗದ ಹೆಂಡಿ ಈಗ ಹೋಗುತ್ತದೆ, ಆಕೆಯದು ಹೋಗುವುದಿಲ್ಲ, ನನ್ನದು ಹೋಗುತ್ತದೆ. ಇಷ್ಟು ಸಾಕಾಗಿತ್ತು ನನಗೆ.

ಬೂಬಮ್ಮ ದಿನವೂ ನಸುಕಿನಲ್ಲಿ ಬುಟ್ಟಿ ಹೊತ್ತು ತಗ್ಗು ದಾಟಿ ಹೊಳೆಗೆ ಹೋಗುತ್ತಿದ್ದಳು, ಭಟ್ಟಿಗೆ ಉಸುಕು ತರಲು. ಬರುವಾಗ ಬುಟ್ಟಿಯ ಮೇಲೆ ಒದ್ದೆ ಬಟ್ಟೆ. ಉಸುಕಿಗೆ ಬಟ್ಟೆ ಯಾಕೆ? ಎಂದು ನನ್ನ ತಲೆ ಓಡಿತು. ಒಂದು ಮುಂಜಾನೆ ದಾರಿಯಲ್ಲಿ ಅಡ್ಡ ನಿಂತು ಬುಟ್ಟಿ ಇಳಿಸು ಎಂದೆ. ಆಕೆ ಏನೂ ಕೇಳದೆ ಇಳಿಸಿದಳು. ಬಟ್ಟೆ ಸರಿಸಿ ಉಸುಕಿನಲ್ಲಿ ಮೊಣಕೈವರೆಗೆ ಕೈ ಇಳಿಸಿ ತಡಕಾಡಿದೆ. ಉಸುಕೇ ಇತ್ತು. ಕೈ ತೆಗೆದು ನೋಡಿದೆ, ಮೂಸಿಯೂ ನೋಡಿದೆ. ಆಕೆ ಬುಟ್ಟಿಯನ್ನು ಮತ್ತೆ ತಲೆಗೆ ಎತ್ತಿಕೊಳ್ಳುವಾಗ ಒಂದು ಕೈ ಹಚ್ಚು ಎಂದಳು. ನಾನು ಹಚ್ಚಲಿಲ್ಲ. ಸಿಗಲಿಲ್ಲವೆಂದರೆ ಇನ್ನೂ ಜಾಣತನದಿಂದ ಮುಚ್ಚಿಟ್ಟಿದ್ದಾಳೆ ಎಂದೇ ನನ್ನ ಸಂಶಯ ಇನ್ನಷ್ಟು ಗಟ್ಟಿಯಾಯಿತು. ಸಂಶಯಕ್ಕೆ ಒಂದು ಗುಣವಿದೆ, ಇದ್ದರೂ ಬೆಳೆಯುತ್ತದೆ, ಇಲ್ಲದಿದ್ದರೂ ಬೆಳೆಯುತ್ತದೆ.

ಆ ವರ್ಷ ಊರಿನ ಗಾಳಿಯೂ ಕೆಟ್ಟಿತ್ತು. ನಿಜಾಮನ ಸೀಮೆಯಿಂದ ಗಂಟುಮೂಟೆ ಹೊತ್ತು ಬಂದವರು ಅಲ್ಲಿ ನಿಜಾಮನ ಕಡೆಯವರು ಮಾಡಿದ ಹಾವಳಿಯನ್ನು ಹೇಳುತ್ತಿದ್ದರು. ಕೇಳಿದವರು ಅದಕ್ಕೆ ಎರಡು ಸೇರಿಸಿ ಮುಂದೆ ದಾಟಿಸುತ್ತಿದ್ದರು. ಅದುವರೆಗೆ ಬೂಬಮ್ಮನ ಭಟ್ಟಿಯ ಮುಂದೆ ಕುಳಿತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ಹೆಂಗಸರು ಈಗ ದೂರದಿಂದಲೇ ಮಾತಾಡಿಸಿ ಹೋಗುತ್ತಿದ್ದರು. ಆಕೆಗೂ ನಿಜಾಮನಿಗೂ ಏನು ಸಂಬಂಧ? ಆಕೆ ಗದಗು ಬಿಟ್ಟು ಆಚೆ ಹೋದವಳೇ ಅಲ್ಲ. ಆದರೆ ನಾನು ಇಂಥ ಗಾಳಿಯಲ್ಲಿಯೇ ಬಾಯಿ ತೆರೆದೆ. ನಮ್ಮ ಅತ್ತೆಯ ಮುಂದೆ, ಬೂಬಮ್ಮ ನಮ್ಮ ಹೆಂಡಿ ಕದಿಯುತ್ತಾಳೆ ಎಂದೆ. ಅತ್ತೆ ಕುಳ್ಳು ತಟ್ಟುತ್ತಿದ್ದ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಆಮೇಲೆ, ಇದನ್ನು ನನ್ನ ಮುಂದೆ ಹೇಳಿದರೆ ಏನು ಬಂತು, ಹಿರಿಯರ ಮುಂದೆ ಹೇಳು ಎಂದಳು. ಸೊಸೆಯ ಮಾತಿಗೆ ಅತ್ತೆ ಇಷ್ಟು ಬೆಲೆ ಕೊಟ್ಟಳಲ್ಲ ಎಂದು ನಾನು ಉಬ್ಬಿದೆ.

ಅಗಸಿಯ ಕಟ್ಟೆಯ ಮೇಲೆ ಗೌಡರೂ ಇಬ್ಬರು ಹಿರಿಯರೂ ಕುಳಿತರು. ಗಂಡಸರು ಅವರು, ಗಾವಲಿನ ಹೆಂಡಿಯ ವ್ಯವಹಾರ ಅವರಿಗೆ ಏನೂ ಗೊತ್ತಿಲ್ಲ. ಹೆಂಗಸರೆಲ್ಲ ಗೋಡೆಗೆ ಒರಗಿ ನಿಂತಿದ್ದರು. ನಾನು ಎಲ್ಲ ಹೇಳಿದೆ. ಬೆಣಚುಕಲ್ಲು, ಕೆದರಿದ ಮಣ್ಣು, ನಸುಕಿನ ಬುಟ್ಟಿ, ಒದ್ದೆ ಬಟ್ಟೆ. ಅಳುತ್ತ ಹೇಳಲಿಲ್ಲ, ಸಿಟ್ಟಿನಿಂದ ಹೇಳಿದೆ. ಸಿಟ್ಟು ಬಹಳ ಸಾಚಾ ಇತ್ತು, ಅದನ್ನು ನೋಡಿದ ಯಾರಿಗಾದರೂ ನಂಬಿಕೆ ಬರಬೇಕು. ಗೌಡರು ಬೂಬಮ್ಮನ ಕಡೆ ತಿರುಗಿದರು.

"ಹುಳ ಒಯ್ತಾವ್ರಿ ಅದನ್ನ," ಎಂದಳು ಬೂಬಮ್ಮ. "ತಗ್ಗಿನ್ಯಾಗಿನ ಹುಳ. ನಾ ಒಯ್ದಿಲ್ಲ."

ಹೇಳಿ ಆಕೆ ಗೋಡೆಗೆ ಒರಗಿ ನಿಂತ ಹೆಂಗಸರ ಕಡೆ ನೋಡಿದಳು. ಒಬ್ಬೊಬ್ಬರನ್ನೇ ನೋಡಿದಳು.

"ಹುಳ ಬುಟ್ಟಿ ಹೊತಗೊಂಡು ಬಂದಿದ್ವೇನು?" ಎಂದೆ ನಾನು.

ಮೊದಲು ನಕ್ಕವಳು ನಾನೇ. ಆಮೇಲೆ ಹೆಂಗಸರೆಲ್ಲ ನಕ್ಕರು. ಗೌಡರಿಗೂ ನಗು ಬಂತು. ಆ ನಗುವಿನಲ್ಲಿಯೇ ನ್ಯಾಯ ಮುಗಿಯಿತು. ಗಾವಲಿನಲ್ಲಿ ಜಗಳ ಬೇಡ, ಇನ್ನು ಮೇಲೆ ಬೂಬಮ್ಮ ಗಾವಲಿಗೆ ಕಾಲಿಡಬಾರದು ಎಂದರು. ಆಕೆ ಸೆರಗು ಸರಿಮಾಡಿಕೊಂಡು ಮನೆಗೆ ಹೋದಳು. ಗೆದ್ದೆ ಎಂದು ನಾನು ಆ ದಿನ ಎರಡು ರೊಟ್ಟಿ ಹೆಚ್ಚು ತಿಂದೆ.

ಎಂಟು ದಿನದೊಳಗೆ ದಿಬ್ಬದಲ್ಲಿನ ಆಕೆಯ ಜಾಗ ಪಾಲಾಯಿತು. ಎಲ್ಲಕ್ಕಿಂತ ಒಳ್ಳೆಯ ಪಾಲು ನಮ್ಮ ಮನೆಗೆ ಬಂತು. ಕಳೆದುಕೊಂಡವರು ನಾವಲ್ಲವೇ, ಎಂದಳು ಅತ್ತೆ. ಯಾರೂ ಬೇಡ ಎನ್ನಲಿಲ್ಲ. ಅವರಿಗೂ ಒಂದೊಂದು ಪಾಲು ಸಿಕ್ಕಿತ್ತು. ತಗ್ಗಿಗೆ ಹೋಗುವವರೇ ಇಲ್ಲವಾದರು.

ಬೂಬಮ್ಮ ಒಂದಷ್ಟು ದಿನ ಹೊಲದ ಕಸಕಡ್ಡಿ, ಶೇಂಗಾ ಸಿಪ್ಪೆ ಎಂದು ಏನೇನೋ ಉರಿಸಿ ನೋಡಿದಳು. ಅದರ ಉರಿಗೆ ಉಸುಕು ಕಾಯುವುದಿಲ್ಲ. ಚುರುಮುರಿ ಅರಳದೆ ಗಟ್ಟಿ ಗೊಟರಾಗುತ್ತಿತ್ತು. ತೆಗೆದುಕೊಳ್ಳುವವರೂ ಕಡಿಮೆಯಾದರು. ಕಳ್ಳಿ ಎನಿಸಿಕೊಂಡವಳ ಕೈಯ ತಿಂಡಿ ಯಾರಿಗೆ ಬೇಕು? ಬನ್ನಿ ಹಬ್ಬ ಬರುವುದರೊಳಗೆ ಭಟ್ಟಿ ನಿಂತಿತು. ಬಾಗಿಲಿಗೆ ಬೀಗ ಹಾಕಿ, ಹುರಿಯುವ ದೊಡ್ಡ ಬಾಣಲೆಯನ್ನು ಚಕ್ಕಡಿಯಲ್ಲಿಟ್ಟುಕೊಂಡು ಬೆಟಗೇರಿಯ ಅಣ್ಣನ ಮನೆಗೆ ಹೋದಳು. ಚಕ್ಕಡಿ ನಮ್ಮ ಮನೆಯ ಮುಂದೆಯೇ ಹಾದುಹೋಯಿತು. ನಾನು ಕದ ಮುಂದೆ ಮಾಡಿ ಒಳಗೆ ನಿಂತೆ. ಕಳ್ಳಿಯ ಮುಖ ಯಾಕೆ ನೋಡಬೇಕು ಎಂದು ಆಗ ಅಂದುಕೊಂಡಿದ್ದೆ. ಈಗ ನೆನೆಸಿದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಎನಿಸುತ್ತದೆ.

ಮುಂದಿನ ಮಳೆಗಾಲ. ದಿಬ್ಬದಿಂದ ಬರುವಾಗ ಒಂದು ಸಂಜೆ ತಗ್ಗಿನಲ್ಲಿ ದೊಡ್ಡ ಎಮ್ಮೆಹೆಂಡಿ ಬಿದ್ದದ್ದು ಕಂಡೆ. ಮುಂಜಾನೆ ಅದೇ ದಾರಿಯಲ್ಲಿ ಹೋದರೆ ಇಲ್ಲ. ಬೂಬಮ್ಮ ಬೆಟಗೇರಿಯಲ್ಲಿದ್ದಾಳೆ, ತಗ್ಗಿಗೆ ಯಾರೂ ಬರುವುದಿಲ್ಲ, ಹಾಗಾದರೆ ಒಯ್ದವರು ಯಾರು? ನಿಜ ಹೇಳಬೇಕೆಂದರೆ, ಆಕೆ ಕದ್ದು ಬಂದು ಹೋಗುತ್ತಿರಬಹುದೇ ಎಂಬ ಯೋಚನೆಯೂ ಬಂತು. ಬೆಟಗೇರಿಯಿಂದ ಕೊರ್ಲಹಳ್ಳಿಗೆ ಒಂದು ಬುಟ್ಟಿ ಹೆಂಡಿಗಾಗಿ! ನನ್ನ ತಲೆ ಅಂಥದು. ಕಳ್ಳರನ್ನು ಹಿಡಿದೇ ಬಿಡುತ್ತೇನೆ ಎಂದು ಮರುದಿನ ದನ ತಿರುಗುವ ಹೊತ್ತಿಗೆ ತಗ್ಗಿನಲ್ಲಿ ಒಂದು ಹೊಸ ಹೆಂಡಿಯ ಎದುರು ಕುಕ್ಕರಗಾಲಿನಲ್ಲಿ ಕುಳಿತೆ.

ಮೊದಲು ಬಂದವು ಸಾಸಿವೆಕಾಳಿನಷ್ಟು ಸಣ್ಣವು. ಬಂದವು ಎಂದರೆ ಸುರಿದವು. ಹೆಂಡಿಯ ಬಿಸಿ ಆರುವ ಮೊದಲೇ ಮೇಲೆಲ್ಲ ಕೂತು, ಒಳಗೆ ಮುಳುಗಿ ಹೋದವು. ಅವು ಒಳಗೇ ಮನೆ ಮಾಡಿಕೊಂಡು ತಿನ್ನುವ ಜಾತಿ, ಎಲ್ಲಿಗೂ ಒಯ್ಯುವುದಿಲ್ಲ. ಅವುಗಳ ಹಿಂದೆ ತೊಗರಿಕಾಳಿನಷ್ಟು ದೊಡ್ಡವು, ಕೆಲವು ಕಪ್ಪು, ಕೆಲವು ಕಂದು ಬೆನ್ನಿನ ಮೇಲೆ ಚುಕ್ಕೆ. ಗಂಡಿಗೆ ಹಣೆಯ ಮೇಲೆ ಟಗರಿನಂತೆ ಎರಡು ಕೋಡು. ಹೊತ್ತು ಮುಳುಗಿ ಬಾನು ಇನ್ನೂ ಕೆಂಪಿರುವಾಗ ಭರ್ರೆಂದು ಸದ್ದಾಯಿತು. ಕಲ್ಲು ಬೀರಿದರೇನೋ ಎಂದು ತಲೆ ಬಾಗಿಸಿದೆ. ನನ್ನ ಸೆರಗಿಗೆ ಬಡಿದು ಬಿದ್ದದ್ದು ಬೋರೆಹಣ್ಣಿನಷ್ಟು ದಪ್ಪನೆಯ ಕರಿಯ ಹುಳ, ಮೂಗಿನ ಮೇಲೆ ಒಂದೇ ಕೊಂಬು. ಅದು ಹೆಂಡಿಯ ಮೇಲೆ ಹತ್ತಲಿಲ್ಲ. ಬುಡಕ್ಕೆ ಹೋಗಿ ತಲೆ ತಗ್ಗಿಸಿ ನೆಲ ಅಗೆಯತೊಡಗಿತು. ಇನ್ನೊಂದು ಬಂತು, ಮತ್ತೊಂದು. ನೋಡುತ್ತಿದ್ದಂತೆ ಹೆಂಡಿಯ ಸುತ್ತ ಹಸಿ ಮಣ್ಣಿನ ಸಣ್ಣ ಸಣ್ಣ ಗುಪ್ಪೆಗಳು ಎದ್ದವು. ಹೆಂಡಿ ಉಸಿರಾಡಿದ ಹಾಗೆ ಅಲ್ಲಾಡಿ, ನಡುವೆ ಕುಸಿಯಿತು.

ಮುಂಜಾನೆ ಹೋದೆ. ಹೆಂಡಿ ಇರಲಿಲ್ಲ. ಕೆದರಿದ ಮಣ್ಣು ಇತ್ತು, ಥೇಟು ಹೋದ ವರ್ಷದ ಹಾಗೆ. ಕುರುಪಿಯಿಂದ ಅಗೆದೆ. ಗೇಣು ಕೆಳಗೆ ಹೆಂಡಿ ಸಿಕ್ಕಿತು. ಒತ್ತೊತ್ತಾಗಿ ತುಂಬಿ, ಒಂದೊಂದು ಗೂಡಿನಲ್ಲಿ ಲಿಂಬೆಹಣ್ಣಿನಷ್ಟು ಉಂಡೆ ಮಾಡಿ ಮಣ್ಣು ಸವರಿ ಇಟ್ಟಿದ್ದವು. ನನ್ನ ಹನ್ನೊಂದರಲ್ಲಿ ಒಂಬತ್ತು ಎಲ್ಲಿಗೂ ಹೋಗಿರಲಿಲ್ಲ. ಕಲ್ಲು ಇಟ್ಟ ಜಾಗದ ಕೆಳಗೇ ಇದ್ದವು. ನಾನು ನಿಂತು ಕೂಗಾಡಿದ ನೆಲದ ಕೆಳಗೆ. ಅಲ್ಲೇ ಕೆಸರಿನಲ್ಲಿ ಕುಳಿತೆ.

ಆ ಮಳೆಗಾಲವೆಲ್ಲ ನನಗೆ ಅದೇ ಹುಚ್ಚು. ಒಮ್ಮೆ ತಪ್ಪು ಕಂಡ ಕಣ್ಣು ಮತ್ತೆ ತಪ್ಪಿರಬಹುದು ಎಂದು ಮತ್ತೆ ಮತ್ತೆ ನೋಡಿದೆ. ದಿಬ್ಬದ ಹುಳಗಳೇ ಬೇರೆ. ಗರಸನ್ನು ಅಗೆಯುವುದು ಆ ದಪ್ಪ ಕರಿಯನ ಕೈಯಲ್ಲಿ ಆಗದ ಕೆಲಸ, ಅದಕ್ಕೆ ರೇವೆಯೇ ಬೇಕು. ದಿಬ್ಬದಲ್ಲಿ ಹಗಲಿನ ಬಿಸಿಲಿಗೇ ಬರುವ ತಾಮ್ರದ ಬಣ್ಣದ ಹೊಳೆಯುವ ಹುಳ, ಹೆಂಡಿಯ ಅಂಚಿನಿಂದ ಒಂದು ತುತ್ತು ಕತ್ತರಿಸಿ ಗುಂಡಗೆ ಮಾಡಿ, ತಲೆ ಕೆಳಗೆ ಮಾಡಿ ಹಿಂಗಾಲಿನಿಂದ ಉರುಳಿಸಿಕೊಂಡು ಹೋಗುತ್ತದೆ. ಒಂದು ಉರುಳಿಸುವಾಗ ಇನ್ನೊಂದು ಬಂದು ಉಂಡೆ ಕಸಿದುಕೊಳ್ಳುವುದೂ ಉಂಟು. ಅಲ್ಲಿ ನಿಜವಾದ ಕಳ್ಳತನ ನೋಡಿ ನಗು ಬಂತು. ಜೇಡದಂತೆ ಉದ್ದ ಕಾಲಿನ ಇನ್ನೊಂದು, ಅದಕ್ಕೆ ಕುರಿಯ ಹಿಕ್ಕೆಯೇ ಪ್ರೀತಿ, ಉಂಡೆ ಕಟ್ಟುವ ಕಷ್ಟವೂ ಇಲ್ಲ, ಸಿಕ್ಕಿದ್ದೇ ಉಂಡೆ. ತಗ್ಗಿನಲ್ಲಿಯೂ ಎಲ್ಲ ಒಂದೇ ಅಲ್ಲ. ನೀರಿನ ಅಂಚಿಗೆ ಒಂದು ಬಗೆ, ಹುಲ್ಲು ದಟ್ಟವಿದ್ದಲ್ಲಿ ಒಂದು ಬಗೆ. ಎಮ್ಮೆಯದಕ್ಕೆ ಬರುವವು ಆಕಳದಕ್ಕೆ ಅಷ್ಟಾಗಿ ಬರುವುದಿಲ್ಲ. ಮಳೆ ಬಿದ್ದ ಮರುದಿನ ಜಾತ್ರೆ, ಒಂದು ವಾರ ಬಿಸಿಲು ಬಿದ್ದರೆ ಒಂದೂ ಇಲ್ಲ. ಕೈಬೆರಳು ಮುಗಿದು ಕಾಲ್ಬೆರಳಿಗೆ ಬಂದೆ, ಬಗೆಗಳು ಮುಗಿಯಲಿಲ್ಲ. ಅಡರಕಟ್ಟಿಯ ಎರೆಯಲ್ಲಿ ಇವು ಇರಲಿಲ್ಲವೋ, ಇದ್ದರೂ ನನಗೆ ಕಂಡಿರಲಿಲ್ಲವೋ, ದೇವರೇ ಬಲ್ಲ.

ಮೊದಲ ದಿನವೇ ಅಗೆದು ತೆಗೆದ ಉಂಡೆಯೊಂದನ್ನು ತಂದು ಅತ್ತೆಯ ಮುಂದೆ ಇಟ್ಟೆ. ಬೂಬಮ್ಮ ಹೇಳಿದ್ದು ಖರೆ, ಹುಳ ಒಯ್ಯುತ್ತವೆ ಎಂದೆ. ಅತ್ತೆ ಉಂಡೆಯನ್ನು ಕೈಯಲ್ಲಿ ಹಿಡಿದು ಹಿಚುಕಿ, ಕುಳ್ಳಿನ ಹದಕ್ಕೆ ಕಲೆಸುತ್ತಿದ್ದ ಹೆಂಡಿಯಲ್ಲೇ ಹಾಕಿದಳು.

"ಕಂಡೆಲ್ಲ, ಆತು ಬಿಡು," ಎಂದಳು. "ದಿಬ್ಬ ಈಗ ನಮ್ಮದೈತಿ."

ಆಕೆಗೆ ಆಶ್ಚರ್ಯವಾಗಲಿಲ್ಲ ಎಂಬುದು ನನಗೆ ಕಂಡಿತು. ಕಂಡರೂ ಅದನ್ನು ಹಿಡಿದು ಎಳೆಯಲಿಲ್ಲ. ಬಳೆಗಾರನನ್ನು, ಸಂತೆಯವರನ್ನು, ಒಬ್ಬ ವಿಧವೆಯನ್ನು ಸಂಶಯಿಸಿದ ನಾನು ನನ್ನ ಮನೆಯ ನಡುಮನೆಯಲ್ಲಿ ಕುಳಿತವಳನ್ನು ಸಂಶಯಿಸಲಿಲ್ಲ. ಸಂಶಯಕ್ಕೂ ಧೈರ್ಯ ಬೇಕು, ಅದು ಹೊರಗಿನವರ ಮೇಲೆ ಮಾತ್ರ ನನಗಿತ್ತು. ಆಮೇಲೆ ಬಾಣಂತನ, ಮಕ್ಕಳು, ಮತ್ತೆ ಬಾಣಂತನ. ನಾಳೆ ಹೇಳೋಣ, ಹಬ್ಬ ಆಗಲಿ ಹೇಳೋಣ. ದಿಬ್ಬದ ಕುಳ್ಳಿನಿಂದ ನಮ್ಮ ಒಲೆ ಚೆನ್ನಾಗಿ ಉರಿಯುತ್ತಿತ್ತು. ಹೇಳದೇ ಇರಲು ಅದಕ್ಕಿಂತ ದೊಡ್ಡ ಕಾರಣ ಬೇಕಾಗಿರಲಿಲ್ಲ.

ಹೀಗೆ ಏಳು ವರ್ಷ ಹೋಯಿತು. ಕನ್ನಡದವರೆಲ್ಲ ಒಂದೇ ರಾಜ್ಯಕ್ಕೆ ಸೇರುವ ವರ್ಷ ಬಂತು. ನಮ್ಮ ಆಚೆ ದಂಡೆ, ಈಚೆ ದಂಡೆ, ನಿಜಾಮನದಾಗಿದ್ದ ಸೀಮೆ, ನನ್ನ ತವರು, ಎಲ್ಲ ಒಂದಾಗುತ್ತವೆ ಎಂದು ಊರೂರಲ್ಲಿ ಮಾತು. ನಾದಿನಿಯ ಮದುವೆಗೆ ಸೀರೆ ತರಲು ನಾನೂ ನನ್ನ ಗಂಡನೂ ಬೆಟಗೇರಿಗೆ ಹೋದೆವು. ಮಗ್ಗದ ಓಣಿ ದಾಟುವಾಗ ಚುರುಮುರಿ ಹುರಿಯುವ ವಾಸನೆ ಬಂತು. ಕಾಲು ತಾನೇ ತಿರುಗಿತು. ಯಾರದೋ ದೊಡ್ಡ ಭಟ್ಟಿ. ಹೊಗೆಯಲ್ಲಿ ನಾಲ್ಕೈದು ಹೆಂಗಸರು ಕೂಲಿಗೆ ಹುರಿಯುತ್ತಿದ್ದರು. ಅವರಲ್ಲಿ ಬೂಬಮ್ಮ. ಕೂದಲೆಲ್ಲ ಬಿಳಿ, ಒಂದು ಕಣ್ಣಿಗೆ ಪೊರೆ. ಆದರೂ ನನ್ನನ್ನು ಗುರುತು ಹಿಡಿದಳು, ಕುಂಡ್ರು ತಂಗಿ ಎಂದು ಚೀಲ ಹಾಸಿದಳು.

ಕುಳಿತುಕೊಳ್ಳಲಿಲ್ಲ. ನಿಂತೇ ಹೇಳಿದೆ. ನಾನು ಸುಳ್ಳು ಹೇಳಿದೆ ಎಂದಲ್ಲ, ತಪ್ಪು ತಿಳಿದೆ ಎಂದೆ. ಹುಳ ನೋಡಿದೆ, ಅಗೆದು ನೋಡಿದೆ ಎಂದೆ. ಕಣ್ಣೀರು ಬಂತು. ಆಕೆ ಮರದ ಹುಟ್ಟಿನಿಂದ ಉಸುಕು ತಿರುವುವುದನ್ನು ನಿಲ್ಲಿಸದೆ ಕೇಳಿದಳು. ನಿಲ್ಲಿಸಿದರೆ ಅಕ್ಕಿ ಸೀಯುತ್ತದೆ. ಒಂದು ಸಲ ಹುರಿದದ್ದನ್ನು ತೆಗೆದು ಜರಡಿಗೆ ಹಾಕಿದ ಮೇಲೆ ಮಾತಾಡಿದಳು.

"ನನಗ ಯಾಕ ಹೇಳ್ತಿ? ನಾ ಕದ್ದಿಲ್ಲ ಅನ್ನೂದು ನನಗ ಗೊತ್ತೈತಿ. ಗಾವಲದಾಗಿನ ಹೆಣ್ಣಮಕ್ಕಳ ಮುಂದ ಹೇಳು. ಅವರು ಹೂಂ ಅಂದ್ರ, ಬಂದು ನನ್ನ ಮನೀ ಕದ ತಗೀತೀನಿ."

ಮನೆಗೆ ಬಂದವಳು ಮರುದಿನ ಮುಂಜಾನೆಯೇ ಗಾವಲಿಗೆ ಹೋದೆ. ಮಳೆ ಬಿಟ್ಟು ಎರಡು ದಿನವಾಗಿತ್ತು, ಹೆಂಗಸರೆಲ್ಲ ಬಂದಿದ್ದರು. ಅತ್ತೆಗೆ ಬಾಗಿ ಎತ್ತುವ ಶಕ್ತಿ ಇರಲಿಲ್ಲ, ಆದರೂ ಬಂದು ದಿಬ್ಬದ ಬುಡದಲ್ಲಿ ಕುಳಿತು ಎಲ್ಲರನ್ನೂ ನೋಡುತ್ತಿದ್ದಳು. ನಾನು ಬುಟ್ಟಿ ಇಳಿಸಿ, ಎಲ್ಲರೂ ಬನ್ನಿ ಎಂದು ಕರೆದೆ. ತಗ್ಗಿನಲ್ಲಿ ಒಂದು ಕಡೆ ಅಗೆದು ತೋರಿಸಿದೆ. ಹೆಂಡಿ ಒಯ್ದದ್ದು ಈ ಹುಳ, ಬೂಬಮ್ಮ ಅಲ್ಲ, ನಾನು ಆಕೆಯ ಮೇಲೆ ಸುಳ್ಳು ಹೊರಿಸಿದೆ, ಆಕೆ ತಿರುಗಿ ಬರಬೇಕು, ದಿಬ್ಬದಲ್ಲಿ ಆಕೆಗೆ ಜಾಗ ಬಿಡಬೇಕು ಎಂದೆ. ಹೇಳಿ ಮುಗಿಸಿದಾಗ ಎದೆ ಹಗುರಾಯಿತು. ಈಗ ಅಯ್ಯೋ ಎನ್ನುತ್ತಾರೆ, ಪಾಪ ಎನ್ನುತ್ತಾರೆ ಎಂದು ಕಾಯುತ್ತ ನಿಂತೆ.

ಯಾರೂ ಅಯ್ಯೋ ಎನ್ನಲಿಲ್ಲ. ನಾನು ಅಗೆದ ಗುಂಡಿಯಲ್ಲಿ ಬಗ್ಗಿ ನೋಡಿದವರೂ ಇಲ್ಲ. ಒಬ್ಬಳು ಸೆರಗಿನ ಅಂಚು ಕಡಿಯುತ್ತ ಹೊಳೆಯ ಕಡೆ ನೋಡಿದಳು, ಇನ್ನೊಬ್ಬಳು ಬುಟ್ಟಿಯ ಹಿಡಿಕೆ ಸರಿಮಾಡಿದಳು. ನಾನು ಅತ್ತೆಯ ಕಡೆ ತಿರುಗಿದೆ.

"ತಗ್ಗಿನ ಹೆಂಡಿ ಹುಳ ಒಯ್ತಾವ ಅನ್ನೂದು ಇಲ್ಲೆ ಯಾರಿಗಿ ಗೊತ್ತಿದ್ದಿಲ್ಲ?" ಎಂದಳು ಅತ್ತೆ. "ನಾವು ಹುಟ್ಟಿದಾಗಿಂದ ನೋಡೇವಿ. ಗೊತ್ತಿಲ್ಲದಾಕಿ ನೀ ಒಬ್ಬಾಕೀನ. ಅದಕ್ಕ ನಿನ್ನ ಕೈಲೇ ಅನಿಸಿದ್ವಿ. ನಾವು ಅಂದಿದ್ರ ಆ ಸಿಟ್ಟು ಬರತಿದ್ದಿಲ್ಲ, ಗೌಡರು ನಂಬತಿದ್ದಿಲ್ಲ."

ಮಾತು ಮುಗಿದ ಮೇಲೆ ಅವರೆಲ್ಲ ಬುಟ್ಟಿ ಎತ್ತಿಕೊಂಡು ದಿಬ್ಬ ಹತ್ತಿದರು. ನಾನು ಅಗೆದ ಗುಂಡಿ ಮುಚ್ಚಿದೆ. ಆಮೇಲೆ ನಾನೂ ಹತ್ತಿದೆ, ಮನೆಯಲ್ಲಿ ಮದುವೆಯಿತ್ತು, ಕುಳ್ಳು ಬೇಕಿತ್ತು. ಬೆಟಗೇರಿಗೆ ಏನೆಂದು ಹೇಳಿ ಕಳಿಸಲಿ? ಹೇಳಿ ಕಳಿಸಲಿಲ್ಲ. ಬೂಬಮ್ಮ ಎರಡು ವರ್ಷದ ನಂತರ ಅಲ್ಲೇ ಮಣ್ಣಾದಳು.